ಶಾಲಾ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ: ಯಾವುದನ್ನು ಆರಿಸಬೇಕು, ಯಾರಿಗೆ ಕೊಡಿಸಬೇಕು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯಲು ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ಸರ್ಕಾರ ಕಾಯ್ದೆ ತರುವವರೆಗೆ ಅವೇ ಜಾರಿಯಲ್ಲಿರುತ್ತವೆ ಎಂದೂ ಹೇಳಿತು. ಸರ್ಕಾರಿ ಶಾಲೆ, ಖಾಸಗಿ ಶಾಲೆ, ಪಿಯು ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಅದರಲ್ಲಿ ಒಂದು ಅಂಶ ನೇರವಾಗಿ ಸಿಬ್ಬಂದಿಗೆ ಸಂಬಂಧಿಸಿದ್ದು: ಪಾಠ ಮಾಡುವವರು, ಮಾಡದವರು ಎಂಬ ಭೇದವಿಲ್ಲದೆ ಎಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ, ಅರ್ಹ ಮಾನಸಿಕ ಆರೋಗ್ಯ ತಜ್ಞರಿಂದ ತರಬೇತಿ ಆಗಬೇಕು. ತರಬೇತಿ ಆಗಬೇಕು ಎಂಬುದು ಹೀಗೆ ತೀರ್ಮಾನವಾಗಿದೆ. ಯಾವ ತರಬೇತಿ ಎಂಬುದನ್ನು ಮಾತ್ರ ಹೆಡ್‌ಮಾಸ್ಟರು, ಆಡಳಿತ ಮಂಡಳಿ, ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೂತು ಯೋಚಿಸಬೇಕಾಗಿದೆ. ಈ ಬರಹ ಅವರಿಗಾಗಿ.

ಇದರ ತೂಕ ಎಷ್ಟೆಂದು ತಿಳಿಯಲು ಎರಡು ಅಂಕಿ ಸಾಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಮುನ್ನೂರು ಮಕ್ಕಳಿರುವ ಹೈಸ್ಕೂಲಿಗೆ ಈ ಲೆಕ್ಕ ಹಾಕಿದರೆ ಇಪ್ಪತ್ತರ ಆಸುಪಾಸು ಬರುತ್ತದೆ. ಆ ಇಪ್ಪತ್ತು ಮಕ್ಕಳು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುತ್ತಾರೆ, ಹಾಜರಿ ಕೂಗಿದಾಗ ಓಗೊಡುತ್ತಾರೆ.

ತರಬೇತಿಗೂ ಮೊದಲು ಒಂದು ಹಾಳೆ

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವನ್ನು ಗುರುತಿಸಿದ ಮೇಲೆ ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲದ ಶಾಲೆ ಎಷ್ಟು ಒಳ್ಳೆಯ ತರಬೇತಿ ಕೊಡಿಸಿದರೂ ಅದರ ಫಲ ಅರ್ಧಕ್ಕೇ ನಿಲ್ಲುತ್ತದೆ. ಮಗುವಿನ ಸಂಕಟ ಕೇಳಿಸಿಕೊಂಡ ಮೇಡಂ, ಮುಂದೇನು ಮಾಡಬೇಕೆಂದು ತೋಚದೆ, ಮನೆಗೆ ಹೋಗಿ ರಾತ್ರಿಯಿಡೀ ತಾವೇ ನಿದ್ದೆಗೆಡುತ್ತಾರೆ. ಹಾಗಾಗಿ ತರಬೇತುದಾರರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಊರಿನ ದಾರಿಗಳನ್ನು ಬರೆದುಕೊಳ್ಳಿ.

ನಮ್ಮ ರಾಜ್ಯದಲ್ಲಿ ಈ ಹಾಳೆ ಖಾಲಿ ಉಳಿಯಬೇಕಿಲ್ಲ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವನ್ನೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೂ ತಂದಿತು. ಜಿಲ್ಲಾಸ್ಪತ್ರೆಯಲ್ಲಿರುವ ಆ ಕಾರ್ಯಕ್ರಮದ ತಂಡದ ನಂಬರ್ ನಿಮ್ಮಲ್ಲಿರಲಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಪದ್ಧತಿ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಿವೆ. ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಸಿಗುತ್ತದೆ. ಮಕ್ಕಳ ಸಹಾಯವಾಣಿ 1098. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಆಪ್ತಸಮಾಲೋಚಕರು ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು ಎಂದೂ ಕೋರ್ಟ್ ಹೇಳಿದೆ. ಹಾಳೆ ತುಂಬಿದ ಮೇಲೆ ತರಬೇತಿಯ ಮಾತು.

ಅರ್ಧ ದಿನದ ಗೇಟ್‌ಕೀಪರ್ ತರಬೇತಿ: ಎಲ್ಲರಿಗೂ

ಇದರ ಉದ್ದೇಶ ಸಣ್ಣದು, ಸ್ಪಷ್ಟವಾದದ್ದು. ಅಪಾಯದ ಲಕ್ಷಣ ಗುರುತಿಸುವುದು, ನೇರವಾಗಿ ಕೇಳುವುದು, ಸರಿಯಾದವರ ಹತ್ತಿರ ತಲುಪಿಸುವುದು. ಅಮೆರಿಕದಲ್ಲಿ ಶುರುವಾದ ಕ್ಯೂಪಿಆರ್ (ಕೇಳು, ಒಪ್ಪಿಸು, ತಲುಪಿಸು) ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಿಮ್ಹಾನ್ಸ್‌ನ ಆತ್ಮಹತ್ಯೆ ತಡೆ ಕೇಂದ್ರವೂ ಗೇಟ್‌ಕೀಪರ್ ತರಬೇತಿ ಕೊಡುತ್ತದೆ.

ಇದನ್ನು ಶಿಕ್ಷಕರಿಗೆ ಮಾತ್ರ ಕೊಡಿಸಿ ಕೈತೊಳೆದುಕೊಳ್ಳಬೇಡಿ. ಎಂಟನೇ ಕ್ಲಾಸಿನ ಹುಡುಗಿ ನಾಲ್ಕು ದಿನದಿಂದ ತಟ್ಟೆಗೆ ಅನ್ನ ಹಾಕಿಸಿಕೊಂಡು ಹಾಗೇ ಚೆಲ್ಲುತ್ತಿದ್ದಾಳೆ ಎಂಬುದು ಗಣಿತದ ಮೇಷ್ಟ್ರಿಗೆ ಕಾಣುವುದಿಲ್ಲ, ಬಿಸಿಯೂಟದ ಅಕ್ಕನಿಗೆ ಕಾಣುತ್ತದೆ. ವ್ಯಾನಿನಲ್ಲಿ ಯಾರ ಪಕ್ಕ ಯಾರೂ ಕೂರುತ್ತಿಲ್ಲ ಎಂಬುದು ಡ್ರೈವರಿಗೆ ಗೊತ್ತು. ಬಿಸಿಲಿನಲ್ಲೂ ಒಬ್ಬ ಹುಡುಗ ಯಾಕೆ ಪೂರ್ತಿ ತೋಳಿನ ಅಂಗಿ ತೆಗೆಯುವುದಿಲ್ಲ ಎಂದು ಅನುಮಾನ ಬರುವುದು ಪಿಇ ಸರ್‌ಗೆ. ಇವರು ಗಮನಿಸಿದ್ದನ್ನು ಯಾರಿಗೆ ಹೇಳಬೇಕು ಎಂದು ತಿಳಿಸಿದರೆ ಸಾಕು, ಶಾಲೆಗೆ ಹತ್ತು ಕಣ್ಣು ಬಂದಂತೆ.

ಇಂಥ ತರಬೇತಿಯ ಜೀವ ಇರುವುದು ಅಭ್ಯಾಸದಲ್ಲಿ. ಒಂದು ಹೈಸ್ಕೂಲಿನಲ್ಲಿ ನಡೆದ ಜೋಡಿ ಅಭ್ಯಾಸವನ್ನು ಹತ್ತಿರದಿಂದ ನೋಡಿದ್ದೇನೆ. ಒಬ್ಬ ಮೇಡಂ ಒಂಬತ್ತನೇ ಕ್ಲಾಸಿನ ಹುಡುಗಿಯಾಗಿ, "ಸರ್, ನಂಗೆ ಸ್ಕೂಲಿಗೆ ಬರೋದೇ ಬೇಡ ಅನ್ಸುತ್ತೆ" ಎಂದರು. ಎದುರಿಗಿದ್ದ ಹಿರಿಯ ಮೇಷ್ಟ್ರು, ಮಕ್ಕಳೆಂದರೆ ನಿಜಕ್ಕೂ ಪ್ರೀತಿ ಇರುವವರು, ತಕ್ಷಣ ಹೇಳಿದರು: "ಹಾಗೆಲ್ಲಾ ಅನ್ಬಾರ್ದಮ್ಮಾ, ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ, ಧೈರ್ಯವಾಗಿರು." ಮಾತು ಅಲ್ಲಿಗೇ ಮುಗಿಯಿತು. ಹುಡುಗಿಯ ಪಾತ್ರದಲ್ಲಿದ್ದ ಮೇಡಂಗೆ ಮುಂದೆ ಹೇಳಲು ಏನೂ ಉಳಿಯಲಿಲ್ಲ, "ಸರಿ ಸರ್" ಎಂದು ತಲೆ ತಗ್ಗಿಸಿದರು. ತರಬೇತುದಾರರು ಅದೇ ದೃಶ್ಯವನ್ನು ಮತ್ತೆ ಮಾಡಿಸಿದರು. ಈ ಸಲ ಬುದ್ಧಿಮಾತು ಬೇಡ, ಒಂದೇ ಪ್ರಶ್ನೆ, ಆಮೇಲೆ ಸುಮ್ಮನಿರಿ ಎಂದರು. ಮೇಷ್ಟ್ರು ಸ್ವಲ್ಪ ತಡೆದು, "ಯಾವಾಗಿನಿಂದ ಹೀಗನ್ನಿಸ್ತಿದೆ ಮಗಾ?" ಎಂದು ಕೇಳಿ ಕಾದರು. ಪಾತ್ರವೆಂದು ಗೊತ್ತಿದ್ದರೂ ಆ ಮೇಡಂ ಮಾತಾಡುತ್ತಲೇ ಹೋದರು. ಈ ವ್ಯತ್ಯಾಸ ಪಿಪಿಟಿ ನೋಡಿ ಬರುವಂಥದ್ದಲ್ಲ, ಬಾಯಿಬಿಟ್ಟು ಮಾಡಿದರೆ ಮಾತ್ರ ಬರುತ್ತದೆ.

ಇನ್ನೊಂದು ಕಷ್ಟದ ಪ್ರಶ್ನೆಯನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಿಸಲೇಬೇಕು: "ಸಾಯಬೇಕು ಅಂತ ಏನಾದರೂ ಅನ್ನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಶಿಕ್ಷಕರಲ್ಲಿದೆ. ಸಂಶೋಧನೆಗಳು ಈ ಭಯಕ್ಕೆ ಆಧಾರವಿಲ್ಲ ಎಂದೇ ಹೇಳುತ್ತವೆ. ಕೇಳಿದಾಗ ಮಗುವಿಗೆ, ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆ ಅನ್ನಿಸುತ್ತದೆ. ಹೌದು ಎಂದರೆ ಆ ಮಗುವನ್ನು ಒಂಟಿಯಾಗಿ ಬಿಡದೆ, ಅವತ್ತೇ ಮನೆಯವರನ್ನು ಕರೆಸಿ, ಅವತ್ತೇ ವೈದ್ಯರಿಗೆ ತೋರಿಸಬೇಕು. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ವಿಷಯ ಮುಚ್ಚಿಡುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ.

ಮಿತಿಯನ್ನೂ ಹೇಳಬೇಕು. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ, ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನವೊಂದು 2015ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಶಿಕ್ಷಕರಿಗೆ ಕ್ಯೂಪಿಆರ್ ಕೊಟ್ಟ ಶಾಲೆಗಳಲ್ಲಿ ಆತ್ಮಹತ್ಯೆ ಯತ್ನ ಗಣನೀಯವಾಗಿ ಇಳಿಯಲಿಲ್ಲ. ಮಕ್ಕಳೊಂದಿಗೇ ನೇರವಾಗಿ ಚರ್ಚೆ, ಪಾತ್ರಾಭಿನಯ ನಡೆಸಿದ 'ಯಾಮ್' ಎಂಬ ಕಾರ್ಯಕ್ರಮ ಪಡೆದ ಶಾಲೆಗಳಲ್ಲಿ ಒಂದು ವರ್ಷದ ನಂತರ ಹೊಸ ಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಇದರಿಂದ ಗೇಟ್‌ಕೀಪರ್ ತರಬೇತಿ ಬೇಡ ಎಂದೇನೂ ಆಗುವುದಿಲ್ಲ. ಅದು ಬುನಾದಿ, ಅದೊಂದರಿಂದಲೇ ಎಲ್ಲ ಆಗಿಹೋಗುತ್ತದೆ ಎಂದು ಮಾರುವವರನ್ನು ನಂಬಬೇಡಿ.

ಎರಡು ದಿನದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆ

2000ದಲ್ಲಿ ಆಸ್ಟ್ರೇಲಿಯಾದ ಬೆಟ್ಟಿ ಕಿಚನರ್ ಮತ್ತು ಆಂಥೊನಿ ಜಾರ್ಮ್ ರೂಪಿಸಿದ ಕೋರ್ಸ್ ಇದು. ಹದಿಹರೆಯದವರೊಂದಿಗೆ ಕೆಲಸ ಮಾಡುವ ದೊಡ್ಡವರಿಗೆಂದೇ ಒಂದು ಆವೃತ್ತಿ ಇದೆ. ಖಿನ್ನತೆ, ಆತಂಕ, ಊಟದ ತೊಂದರೆ, ವ್ಯಸನ, ಪ್ಯಾನಿಕ್ ಹೀಗೆ ಒಂದೊಂದನ್ನೂ ಬಿಡಿಸಿ ಹೇಳುತ್ತದೆ. ಕಲಿತವರ ತಿಳಿವಳಿಕೆ, ಆತ್ಮವಿಶ್ವಾಸ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳಿವೆ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 25 ಪ್ರೌಢಶಾಲೆಗಳಲ್ಲಿ, ಈ ತರಬೇತಿಯ ಜೊತೆಗೆ ಶಿಕ್ಷಕರು ಪರಸ್ಪರ ನೆರವಾಗುವ ವ್ಯವಸ್ಥೆಯನ್ನೂ ಮಾಡಿ ನೋಡಿದ ಅಧ್ಯಯನದಲ್ಲಿ (2021) ಶಿಕ್ಷಕರ ಅಥವಾ ಮಕ್ಕಳ ನೆಮ್ಮದಿಯಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ.

ನನ್ನ ಸಲಹೆ: ಇಡೀ ಸಿಬ್ಬಂದಿಗೆ ಇದಕ್ಕಾಗಿ ದುಡ್ಡು ಸುರಿಯಬೇಡಿ. ಮಕ್ಕಳು ತಾವಾಗಿಯೇ ಹೋಗಿ ಮಾತಾಡಿಸುವ ಇಬ್ಬರು ಮೂವರು ಪ್ರತಿ ಶಾಲೆಯಲ್ಲೂ ಇರುತ್ತಾರೆ, ಅವರನ್ನು ಕಳಿಸಿ. ಹಿರಿತನದ ಪಟ್ಟಿ ನೋಡಿ ಕಳಿಸುವುದು, ಓಓಡಿ (ಅನ್ಯ ಕಾರ್ಯ ನಿಮಿತ್ತ ಹಾಜರಿ) ಸಿಗುತ್ತದೆಂದು ಬಂದವರನ್ನು ಕಳಿಸುವುದು ಬೇಡ.

ಹೆಸರು ಹತ್ತಿರವಿರುವುದರಿಂದ ಬಹಳ ಮಂದಿ ಇದನ್ನು ಮನೋವೈಜ್ಞಾನಿಕ ಪ್ರಥಮ ಚಿಕಿತ್ಸೆಯೊಂದಿಗೆ ಬೆರೆಸುತ್ತಾರೆ. ಅದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅದಕ್ಕೊಂದು ಕೈಪಿಡಿ ತಂದಿತು. ನೆರೆ, ಅಪಘಾತ, ಸಹಪಾಠಿಯ ಸಾವಿನಂಥ ಆಘಾತವಾದಾಗ ನೋಡು, ಕೇಳು, ಜೋಡಿಸು ಎಂಬ ಮೂರು ಹೆಜ್ಜೆ. ಸುಪ್ರೀಂ ಕೋರ್ಟ್ ಹೆಸರಿಸಿರುವುದು ಇದನ್ನೇ. ಒಂದು ದಿನದಲ್ಲಿ ಕಲಿಸಬಹುದು. ಕರಾವಳಿ, ಮಲೆನಾಡು, ಕೃಷ್ಣಾ ತೀರದಂಥ ನೆರೆ ಬರುವ ಕಡೆಯ ಶಾಲೆಗಳು ಬಿಡಬಾರದು.

ಸರ್ಕಾರಿ ದಾರಿ ಮತ್ತು ಜೀವನ ಕೌಶಲ

2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬರು ಮೇಡಂ ಒಬ್ಬರು ಸರ್, ಆರೋಗ್ಯ ರಾಯಭಾರಿಗಳಾಗುತ್ತಾರೆ. ಹನ್ನೊಂದು ವಿಷಯಗಳ ಮೇಲೆ ಮಕ್ಕಳಿಗೆ ಚಟುವಟಿಕೆ ನಡೆಸುತ್ತಾರೆ. ಖರ್ಚಿಲ್ಲ, ಸರ್ಕಾರಿ ವ್ಯವಸ್ಥೆಯ ಒಳಗೇ ಇರುವುದರಿಂದ ಆರೋಗ್ಯ ಇಲಾಖೆಯ ನಂಟು ಸಿಗುತ್ತದೆ. ಹನ್ನೊಂದರಲ್ಲಿ ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯ ಒಂದು ಮಾತ್ರ ಎಂಬುದು ಅದರ ಕೊರತೆ. ಮಗುವನ್ನು ಮುಂದಕ್ಕೆ ಕಳಿಸುವ ಭಾಗವನ್ನು ನೀವು ಪ್ರತ್ಯೇಕವಾಗಿ ಗಟ್ಟಿಮಾಡಬೇಕಾಗುತ್ತದೆ.

ಜೀವನ ಕೌಶಲದ ದಾರಿಯಲ್ಲಿ ನಮ್ಮ ರಾಜ್ಯಕ್ಕೆ ಒಳ್ಳೆಯ ಅನುಭವವಿದೆ. ನಿಮ್ಹಾನ್ಸ್ ತಂಡ ಕರ್ನಾಟಕದ ಹೈಸ್ಕೂಲ್ ಶಿಕ್ಷಕರಿಗೇ ತರಬೇತಿ ಕೊಟ್ಟು ಜೀವನ ಕೌಶಲ ಕಲಿಸಿತು. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ, ಕಾರ್ಯಕ್ರಮ ಇದ್ದ ಶಾಲೆಗಳ ಮಕ್ಕಳ ಆತ್ಮಗೌರವ, ಶಿಕ್ಷಕರೊಂದಿಗೆ ಮತ್ತು ಶಾಲೆಯೊಂದಿಗೆ ಹೊಂದಿಕೊಳ್ಳುವಿಕೆ ಉತ್ತಮವಾಗಿತ್ತು. ಒಂದು ಪಿರಿಯಡ್ಡನ್ನು ವರ್ಷವಿಡೀ ಕಾಯ್ದಿಡಬಲ್ಲ ಶಾಲೆಗೆ ಇದು ಹೊಂದುತ್ತದೆ. ಡಿಸೆಂಬರ್ ಬಂದ ಕೂಡಲೇ ಆ ಪಿರಿಯಡ್ ವಿಶೇಷ ತರಗತಿಗೆ ಹೋಗುವ ಶಾಲೆಯಲ್ಲಿ ಇದು ಬೇರು ಬಿಡುವುದಿಲ್ಲ.

ಆನ್‌ಲೈನ್ ಕೋರ್ಸ್‌ಗಳು

ದೀಕ್ಷಾ ಪೋರ್ಟಲ್‌ನಲ್ಲಿ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಮಾಡ್ಯೂಲ್‌ಗಳಿವೆ. ನಿಮ್ಹಾನ್ಸ್‌ನ ಸಂವಾದ್ ಘಟಕ ಸಂಕಷ್ಟದಲ್ಲಿರುವ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಆನ್‌ಲೈನ್ ತರಬೇತಿ ನಡೆಸುತ್ತದೆ. ತಿಳಿವಳಿಕೆಗೆ ಒಳ್ಳೆಯದು, ದೂರದ ಊರುಗಳಿಗೆ ವರದಾನ. ಆದರೆ ಮೊಬೈಲಿನಲ್ಲಿ ವಿಡಿಯೊ ಓಡಿಸಿ ಸರ್ಟಿಫಿಕೇಟ್ ಇಳಿಸಿಕೊಂಡರೆ ಮೇಲೆ ಹೇಳಿದ ಜೋಡಿ ಅಭ್ಯಾಸ ಆಗುವುದಿಲ್ಲ. ಆನ್‌ಲೈನ್ ಮುಗಿಸಿದ ವಾರವೇ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಎಲ್ಲರೂ ಕೂತು ಅಭ್ಯಾಸ ಮಾಡಿ.

ಒಬ್ಬ ಶಿಕ್ಷಕರನ್ನು ಓದಿಸುವುದೋ, ಆಪ್ತಸಮಾಲೋಚಕರನ್ನು ನೇಮಿಸುವುದೋ

ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲಿ. ಎನ್‌ಸಿಇಆರ್‌ಟಿ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಅಲ್ಲೇ ಇದ್ದು ಕಲಿಯುವುದು, ಮೂರು ತಿಂಗಳು ಶಾಲೆಯಲ್ಲಿ ಇಂಟರ್ನ್‌ಶಿಪ್. ಗಟ್ಟಿಯಾದ ಕಲಿಕೆ. ಆದರೆ ಓದಿ ಬಂದ ಆ ಶಿಕ್ಷಕರಿಗೆ ಮತ್ತೆ ವಾರಕ್ಕೆ ಮೂವತ್ತು ಪಿರಿಯಡ್, ಜೊತೆಗೆ ಗಣತಿ, ಚುನಾವಣೆ ಕೆಲಸ ಹೊರಿಸಿದರೆ ಮಕ್ಕಳು ಅವರನ್ನು ಕಾಣುವುದು ಯಾವಾಗ?

ಈ ವಿಷಯದಲ್ಲಿ ಭಾರತದ್ದೇ ಒಂದು ದೊಡ್ಡ ಅಧ್ಯಯನವಿದೆ. ಗೋವಾದ ಸಂಗಾತ್ ಸಂಸ್ಥೆ ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹರ್' ಎಂಬ ಕಾರ್ಯಕ್ರಮ ನಡೆಸಿತು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕಾರ್ಯಕ್ರಮ ಒಂದೇ. ಕೆಲವು ಶಾಲೆಗಳಲ್ಲಿ ಅದನ್ನು ಅಲ್ಲಿಯ ಶಿಕ್ಷಕರೇ ನಡೆಸಿದರು. ಇನ್ನು ಕೆಲವು ಶಾಲೆಗಳಲ್ಲಿ, ಮನಶ್ಶಾಸ್ತ್ರದ ಪದವಿ ಇಲ್ಲದ, ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರು ಪೂರ್ಣಾವಧಿ ನಡೆಸಿದರು. ಸಮಾಲೋಚಕರಿದ್ದ ಶಾಲೆಗಳ ವಾತಾವರಣ ಬಹಳ ಸುಧಾರಿಸಿತು. ಮಕ್ಕಳಲ್ಲಿ ಖಿನ್ನತೆ, ಪೀಡನೆ, ಹಿಂಸೆ ಇಳಿದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಪರಿಣಾಮ ಕಾಣಲಿಲ್ಲ. ಶಿಕ್ಷಕರಿಗೆ ಮನಸ್ಸಿರಲಿಲ್ಲ ಎಂದು ಇದನ್ನು ಓದಬಾರದು. ಅವರಿಗೆ ಬೇರೆ ಕೆಲಸವಿತ್ತು. ಮಾರ್ಕ್ಸ್ ಹಾಕುವ ಕೈಗೆ ಮನಸ್ಸಿನ ಗುಟ್ಟು ಕೊಡಲು ಮಕ್ಕಳಿಗೂ ಅಂಜಿಕೆ ಇರುತ್ತದೆ.

ನನ್ನ ನಿಲುವು ಇಷ್ಟು: ಶಿಕ್ಷಕರನ್ನು ಗುರುತಿಸುವವರನ್ನಾಗಿ, ಕೇಳಿಸಿಕೊಳ್ಳುವವರನ್ನಾಗಿ ತಯಾರು ಮಾಡಿ, ಸಮಾಲೋಚನೆಯ ಹೊರೆಯನ್ನು ಅವರ ತಲೆಗೆ ಕಟ್ಟಬೇಡಿ. ದುಡ್ಡು ಇರುವ ಶಾಲೆ ಒಬ್ಬ ಪೂರ್ಣಾವಧಿ ಆಪ್ತಸಮಾಲೋಚಕರನ್ನು ತೆಗೆದುಕೊಳ್ಳಲಿ, ಅವರಿಗೆ ಬದಲಿ ಪಿರಿಯಡ್ ಕೊಟ್ಟು ಕ್ಲಾಸು ಕಾಯಿಸುವುದು ಬೇಡ. ಇಲ್ಲದಿದ್ದರೆ ಒಂದೇ ಊರಿನ ಮೂರು ನಾಲ್ಕು ಶಾಲೆಗಳು ಸೇರಿ ಒಬ್ಬರನ್ನು ಹಂಚಿಕೊಳ್ಳಬಹುದು.

ತರಬೇತುದಾರರನ್ನು ಕೇಳಬೇಕಾದದ್ದು

ನೀವು ಯಾವ ಅರ್ಹತೆ ಪಡೆದವರು? ಕನ್ನಡದಲ್ಲಿ ಮಾಡುತ್ತೀರಾ? ಬಿಸಿಯೂಟದವರು, ಡ್ರೈವರು, ಆಯಾ ಕೂರಬಹುದೇ? ಮುಗಿದ ಮೇಲೆ ಮೂರು ತಿಂಗಳು ನಮ್ಮ ಶಿಕ್ಷಕರು ಅನುಮಾನ ಬಂದಾಗ ನಿಮಗೆ ಫೋನ್ ಮಾಡಬಹುದೇ? ಈ ಕೊನೆಯ ಪ್ರಶ್ನೆಗೆ ಹೌದು ಎನ್ನುವವರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇಡೀ ದಿನದಲ್ಲಿ ಎಷ್ಟು ಹೊತ್ತು ಭಾಷಣ, ಎಷ್ಟು ಹೊತ್ತು ಅಭ್ಯಾಸ ಎಂದೂ ಕೇಳಿ. ಅರ್ಧಕ್ಕಿಂತ ಕಡಿಮೆ ಅಭ್ಯಾಸವಿದ್ದರೆ ಬೇರೆಯವರನ್ನು ಹುಡುಕಿ. ಮಕ್ಕಳನ್ನು ಪ್ರಶ್ನಾವಳಿಯಿಂದ ಅಳೆದು ಇವರಿಗೆ ಖಿನ್ನತೆ, ಅವರಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಎಂದು ಪಟ್ಟಿ ಮಾಡಲು ಶಿಕ್ಷಕರಿಗೆ ಕಲಿಸುತ್ತೇವೆ ಎನ್ನುವವರನ್ನು ದೂರವಿಡಿ. ರೋಗಕ್ಕೆ ಹೆಸರಿಡುವುದು ವೈದ್ಯರ ಕೆಲಸ.

ಗುಟ್ಟಿನ ವಿಚಾರ ಹೇಗೆ ಕಲಿಸುತ್ತಾರೆ ಎಂಬುದನ್ನು ಬಿಡದೆ ಕೇಳಿ. ಮಗು ಹೇಳಿದ್ದು ಸ್ಟಾಫ್ ರೂಮಿನ ಮಾತಾಗಬಾರದು. ಆದರೆ "ಯಾರಿಗೂ ಹೇಳಲ್ಲ" ಎಂಬ ಆಣೆಯನ್ನೂ ಮಾಡಬಾರದು. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ 21ನೇ ಸೆಕ್ಷನ್ ಅಡಿ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೂ ಅನ್ವಯಿಸುತ್ತದೆ. "ನಿನ್ನ ಸುರಕ್ಷತೆಗೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿನಗೆ ತಿಳಿಸ್ತೀನಿ" ಎಂಬ ಮಾತನ್ನು ಶಿಕ್ಷಕರ ಬಾಯಲ್ಲಿ ರೂಢಿ ಮಾಡಿಸುವವರು ಒಳ್ಳೆಯ ತರಬೇತುದಾರರು.

ಯಾವ ಶಾಲೆಗೆ ಯಾವುದು

ಹಳ್ಳಿಯ ಸರ್ಕಾರಿ ಹೈಸ್ಕೂಲಾದರೆ: ಜಿಲ್ಲಾ ಮಾನಸಿಕ ಆರೋಗ್ಯ ತಂಡವನ್ನು ಕರೆಸಿ ಎಲ್ಲ ಸಿಬ್ಬಂದಿಗೆ ಅರ್ಧ ದಿನ, ಇಬ್ಬರು ರಾಯಭಾರಿಗಳಿಗೆ ಸರ್ಕಾರಿ ತರಬೇತಿ, ನೋಟಿಸ್ ಬೋರ್ಡಿನಲ್ಲಿ 14416. ಇದಕ್ಕೆ ದುಡ್ಡಿಗಿಂತ ಹೆಡ್‌ಮಾಸ್ಟರ ಮನಸ್ಸು ಬೇಕು. ಪಟ್ಟಣದ ಅನುದಾನಿತ ಅಥವಾ ಖಾಸಗಿ ಶಾಲೆ ಇದರ ಮೇಲೆ ಇಬ್ಬರು ಮೂವರಿಗೆ ಎರಡು ದಿನದ ಕೋರ್ಸ್ ಮತ್ತು ಒಬ್ಬ ಆಪ್ತಸಮಾಲೋಚಕರನ್ನು ಸೇರಿಸಿಕೊಳ್ಳಬೇಕು.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮಾದರಿಯ ವಸತಿ ಶಾಲೆಗಳು, ಹಾಸ್ಟೆಲ್ ಇರುವ ಪಿಯು ಕಾಲೇಜುಗಳಲ್ಲಿ ಮೊದಲ ಆದ್ಯತೆ ವಾರ್ಡನ್, ಅಡುಗೆಯವರು, ರಾತ್ರಿ ಕಾವಲಿನವರಿಗೆ. ಅಲ್ಲಿ ಸಂಕಟ ಹೊರಬರುವುದು ಹೆಚ್ಚಾಗಿ ದೀಪ ಆರಿಸಿದ ಮೇಲೆ. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಅಳುತ್ತಾ ಕೂತಿದ್ದರೆ ವಾರ್ಡನ್ ಮೊದಲು ಏನು ಮಾಡಬೇಕು, ಯಾರನ್ನು ಎಬ್ಬಿಸಬೇಕು, ಯಾವ ಆಸ್ಪತ್ರೆ, ಯಾವ ಗಾಡಿ ಎಂಬುದನ್ನು ಅದೇ ಹಾಸ್ಟೆಲಿನಲ್ಲಿ ನಿಂತು ಅಭ್ಯಾಸ ಮಾಡಿಸಬೇಕು.

ಯಾವಾಗ ಎಂಬುದೂ ಮುಖ್ಯ. ಮೊದಲನೆಯದು ಜೂನ್‌ನಲ್ಲಿ, ಹೊಸ ಸಿಬ್ಬಂದಿ, ಅತಿಥಿ ಶಿಕ್ಷಕರು ಬಂದ ಮೇಲೆ. ಎರಡನೆಯದು ದಸರಾ ರಜೆ ಮುಗಿದು, ಎಸ್ಸೆಸ್ಸೆಲ್ಸಿ ಒತ್ತಡ ಏರುವ ಮೊದಲು. ಆ ಎರಡನೇ ತರಬೇತಿಯಲ್ಲಿ ಫಲಿತಾಂಶದ ದಿನದ ಕೆಲಸ ಹಂಚಿಕೊಳ್ಳಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ, ಮಕ್ಕಳು ಮನೆಯಲ್ಲಿ ಮೊಬೈಲ್ ಹಿಡಿದು ಒಬ್ಬೊಬ್ಬರೇ ನೋಡಿಕೊಳ್ಳುತ್ತಾರೆ. ಫೇಲಾಗಬಹುದಾದವರ ಜೊತೆಗೆ, ತೊಂಬತ್ತೈದು ನಿರೀಕ್ಷಿಸಿ ಎಂಬತ್ತು ಬಂದರೆ ಕುಸಿಯುವಂಥವರ ಹೆಸರನ್ನೂ ಪಟ್ಟಿಗೆ ಸೇರಿಸಿ. ಒಬ್ಬೊಬ್ಬ ಶಿಕ್ಷಕರಿಗೆ ಐದಾರು ಮಕ್ಕಳು. ಫಲಿತಾಂಶ ಬಂದ ಗಂಟೆಯೊಳಗೆ ಫೋನ್ ಮಾಡಿ, ಮೊದಲು ಮಗುವಿನೊಂದಿಗೆ, ಆಮೇಲೆ ಮನೆಯವರೊಂದಿಗೆ ಮಾತಾಡಬೇಕು. ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ ಎಂಬುದನ್ನು ಹೇಳುವುದು ಎರಡನೇ ಮಾತಾಗಿರಲಿ. "ಹೇಗಿದ್ದೀಯಾ, ಮನೇಲಿ ಜೊತೆಗೆ ಯಾರಿದ್ದಾರೆ?" ಎಂಬುದು ಮೊದಲನೆಯದು.